ಮೂರು ತಾಸಿನ ಆಟಕ್ಕೆ ದುಡ್ಡು ಕೊಡಬೇಕಾ? ಒಂದು ಲೆಕ್ಕ, ಒಂದು ಜಗಳ

ನಮ್ಮ ಹಾಸ್ಟೆಲ್‌ನಲ್ಲಿ ಯಾರಾದರೂ ಹೊಸ ಗೇಮ್ ತಗೊಂಡರೆ ಮೊದಲು ಬರೋ ಪ್ರಶ್ನೆ "ಹೆಂಗೈತಿ?" ಅಂತ ಅಲ್ಲ, "ಎಷ್ಟು ತಾಸು ಬರ್ತೈತಿ?" ಅಂತ. ನೂರು ತಾಸು ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಮೂರು ತಾಸು ಅಂದರೆ ಮಾತ್ರ "ಹುಚ್ಚ ಹಿಡದೈತೇನಲೇ ನಿನಗ?" ಅಂತ ಬೈಗುಳ ಗ್ಯಾರಂಟಿ.

ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ದುಡ್ಡು ಕೂಡಿಸಿ ಅಂಥದೇ ಒಂದು ಮೂರು ತಾಸಿನ ಆಟ ಕೊಂಡ್ವಿ. ಆಡುತ್ತಾ ಬಿದ್ದು ಬಿದ್ದು ನಕ್ಕೆವು. ನಡುವೆ ಜಗಳಾನೂ ಆಡಿದ್ವಿ. ಆ ಜಗಳದಿಂದ ನಾವು ಕಲಿತ ಲೆಕ್ಕವನ್ನು ಇಲ್ಲಿ ಬರೆದಿದ್ದೀವಿ. ಇಂಥ ಚಿಕ್ಕ, ನಗಿಸುವ ಇಂಡೀ ಆಟ ಕೊಳ್ಳೋದಾ ಬೇಡವಾ ಅಂತ ಯೋಚನೆ ಮಾಡ್ತಿರೋರಿಗೆ ಉಪಯೋಗ ಆಗಬಹುದು.

ಆಟ ಯಾವುದು?

ಆಟದ ಹೆಸರು "ಥ್ಯಾಂಕ್ ಗುಡ್‌ನೆಸ್ ಯು ಆರ್ ಹಿಯರ್!" ನಮ್ಮ ಕಡೆ ಮಾತಿನಲ್ಲಿ ಹೇಳಬೇಕಂದರೆ, "ಬಂದ್ಯಾ ಪುಣ್ಯಾತ್ಮ, ಚಲೋ ಆತು!" ಇದು 2024ರ ಆಗಸ್ಟ್ 1ರಂದು ಬಿಡುಗಡೆ ಆಯ್ತು. ಮಾಡಿದವರು ಕೋಲ್ ಸಪ್ಪರ್ ಅನ್ನೋ ಪುಟ್ಟ ತಂಡ. ವಿಲ್ ಟಾಡ್ ಮತ್ತು ಜೇಮ್ಸ್ ಕಾರ್ಬಟ್ ಎಂಬ ಇಬ್ಬರು ಗೆಳೆಯರು ಕಟ್ಟಿದ್ದು. ಪ್ರಕಟಿಸಿದ್ದು ಪ್ಯಾನಿಕ್ ಕಂಪನಿ. "ಅನ್‌ಟೈಟಲ್ಡ್ ಗೂಸ್ ಗೇಮ್" ಅಂತ ಬಾತುಕೋಳಿ ಊರವರಿಗೆಲ್ಲ ಕಾಟ ಕೊಡೋ ಆಟ 2019ರಲ್ಲಿ ಬಂದಿತ್ತಲ್ಲ, ಅದನ್ನು ಪ್ರಕಟಿಸಿದ್ದೂ ಇವರೇ.

ಕಥೆ ಇಷ್ಟೇ. ಒಬ್ಬ ಗಿಡ್ಡ ಮಾರಾಟಗಾರ ಬಾರ್ನ್ಸ್‌ವರ್ತ್ ಅನ್ನೋ ಕಾಲ್ಪನಿಕ ಊರಿಗೆ ಬರ್ತಾನೆ. ಮೇಯರ್ ಭೇಟಿಗೆ ಇನ್ನೂ ಹೊತ್ತಿದೆ ಅಂತ ಊರು ಸುತ್ತೋಕೆ ಹೊರಡ್ತಾನೆ. ಎದುರಿಗೆ ಸಿಕ್ಕವರೆಲ್ಲ "ಸದ್ಯ ನೀ ಬಂದ್ಯಲ್ಲ!" ಅಂತ ಒಂದೊಂದು ಕೆಲಸ ಅಂಟಿಸ್ತಾರೆ. ಒಬ್ಬನ ಕೈ ಚರಂಡಿ ಜಾಲರಿಯಲ್ಲಿ ಸಿಕ್ಕಿಬಿದ್ದಿದೆ, ಇನ್ನೊಬ್ಬನಿಗೆ ಇನ್ನೇನೋ ಬೇಕು. ನಮ್ಮ ಕೈಯಲ್ಲಿರೋದು ಎರಡೇ ಕೆಲಸ: ಜಿಗಿಯೋದು, ಕಪಾಳಕ್ಕೆ ಬಾರಿಸೋದು. ಸಾಯೋದಿಲ್ಲ, ಸೋಲೋದಿಲ್ಲ, ಲೆವೆಲ್ ಇಲ್ಲ. ಪೂರ್ತಿ ಕೈಯಲ್ಲಿ ಬರೆದ ಕಾರ್ಟೂನಿನ ಹಾಗೆ ಇದೆ. ಎರಡೂವರೆ ಮೂರು ತಾಸಿಗೆ ಮುಗಿಯುತ್ತೆ. ಅಮೆರಿಕದಲ್ಲಿ ಅದರ ಮೂಲ ಬೆಲೆ 19.99 ಡಾಲರ್. ರೂಪಾಯಿ ಬೆಲೆ ಸೇಲ್ ಬಂದಾಗ ಬದಲಾಗ್ತಾ ಇರುತ್ತೆ, ಹಾಗಾಗಿ ಮುಂದಿನ ಲೆಕ್ಕಕ್ಕೆ ₹600 ಅಂತ ಹಿಡಿಯೋಣ. ತಲಾ ₹150.

ಸಾಲಗುಂದದ ಒಂದು ಸಂಜೆ

ಆಟ ಆಡಿದ್ದು ಸಿಂಧನೂರು ತಾಲೂಕಿನ ಸಾಲಗುಂದದಲ್ಲಿ, ನಮ್ಮಲ್ಲಿ ಒಬ್ಬನ ಮನೆಯಲ್ಲಿ. ಹಾಸ್ಟೆಲ್ ವೈಫೈ ಇದ್ದಾಗಲೇ ಇಳಿಸಿಕೊಂಡು ಹೋಗಿದ್ವಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್, ಅದರಲ್ಲೇ ಸಲೀಸಾಗಿ ಓಡಿತು.

ಆಟ ಶುರು ಮಾಡೋದೇ ತಡ ಆಯ್ತು. ಯಾಕಂದರೆ ಇಂಜಿನಿಯರಿಂಗ್ ಓದೋ ಹುಡುಗರು ಊರಿಗೆ ಬಂದಾರ ಅಂತ ಓಣಿಗೆಲ್ಲ ಗೊತ್ತಾಗಿತ್ತು. ಕಿರಾಣಿ ಅಂಗಡಿಗೆ ಹೋದರೆ, "ಬಂದ್ಯಲ್ಲಪ್ಪ ಚಲೋ ಆತು, ಈ ಫೋನಿನ್ಯಾಗ ಸೌಂಡs ಬರವಲ್ದು ನೋಡು." ಎದುರು ಮನೆಯವರು, "ತಮ್ಮಾ, ಗ್ಯಾಸ್ ಬುಕ್ ಮಾಡಿಕೊಡು." ಇನ್ನೊಬ್ಬರು ಮಿಕ್ಸಿ ತಂದು ಕಟ್ಟೆ ಮೇಲೆ ಇಟ್ಟರು. "ಅಣ್ಣಾರ, ನಾವು ಓದಾಕತ್ತಿದ್ದು ಕಂಪ್ಯೂಟರ್" ಅಂದ್ವಿ. "ಎರಡೂ ಕರೆಂಟಿನ ಮ್ಯಾಲೇ ನಡೀತಾವಲ್ಲ" ಅಂದರು. ಉತ್ತರ ಇರಲಿಲ್ಲ.

ಸಂಜೆ ಆಟ ಹಚ್ಚಿದಾಗ ಮೊದಲ ಐದು ನಿಮಿಷಕ್ಕೇ ನಾವು ಮುಖ ಮುಖ ನೋಡಿಕೊಂಡ್ವಿ. ಲೇ, ಇದು ನಮ್ಮ ಬೆಳಗಿನ ಕಥೇನೇ ಅಲ್ವಾ? ಬಾಗಿಲಲ್ಲಿ ನಿಂತು ನೋಡ್ತಿದ್ದ ಅಜ್ಜಿ ಕೇಳಿದರು, "ಈ ಗಿಡ್ಡ ಯಾಕ ಎಲ್ಲಾರಿಗೂ ಬಡೀತಾನ?" ನಾವು ವಿವರಿಸೋಕೆ ಹೊರಟ್ವಿ. ಅಷ್ಟರಲ್ಲಿ ಅವರೇ ಉತ್ತರ ಕಂಡುಕೊಂಡಿದ್ದರು: "ಬಂದಾಗಿಂದ ಎಲ್ಲಾರೂ ಇವಂಗೇ ಕೆಲಸ ಹೇಳಾಕತ್ತಾರ. ಬಡೀಲಾರದ ಏನ್ ಮಾಡ್ತಾನ ಪಾಪ!" ಆಮೇಲೆ ಅಜ್ಜಿ ಅಡುಗೆ ಮನೆಗೆ ಹೋಗಿದ್ದು ಒಳ್ಳೇದೇ ಆಯ್ತು. ಮುಂದೆ ದ್ವಂದ್ವಾರ್ಥದ ಜೋಕುಗಳು ಸಾಕಷ್ಟಿವೆ. ಹಿರಿಯರ ಎದುರಿಗೆ ಆಡೋ ಆಟ ಅಲ್ಲ ಅಂತ ಮೊದಲೇ ಹೇಳಿಬಿಡ್ತೀವಿ.

ತಪ್ಪು ಲೆಕ್ಕ: ತಾಸಿಗೆ ಎಷ್ಟು ರೂಪಾಯಿ?

ಈಗ ಲೆಕ್ಕಕ್ಕೆ ಬರೋಣ. ನಾವೆಲ್ಲ ಸಾಮಾನ್ಯವಾಗಿ ಮಾಡೋದು ಹೀಗೆ:

ಚಿಕ್ಕ ಆಟ: ₹600 ÷ 3 ತಾಸು = ತಾಸಿಗೆ ₹200.
ದೊಡ್ಡ ಆಟ: ₹3000 ÷ 100 ತಾಸು = ತಾಸಿಗೆ ₹30.
ಫೋನಿನ ಉಚಿತ ಆಟ: ₹0 ÷ ಎಷ್ಟಾದರೂ ತಾಸು = ₹0.

ಈ ಸೂತ್ರದ ಪ್ರಕಾರ ಜಗತ್ತಿನ ಅತ್ಯುತ್ತಮ ಆಟ ಯಾವುದು? ದುಡ್ಡು ಕೇಳದೆ, ಎಂದೂ ಮುಗಿಯದೆ, ಇಂಟರ್ನಲ್ಸ್ ಹಿಂದಿನ ರಾತ್ರಿಯೂ ಬಿಡದೆ ಹಿಡಿದುಕೊಳ್ಳೋ ಆಟ. ಉತ್ತರವೇ ತಪ್ಪು ಅನ್ನಿಸ್ತದೆ ಅಂದರೆ ಸೂತ್ರದಲ್ಲೇ ಏನೋ ತಪ್ಪಿದೆ.

ತಪ್ಪು ಎಲ್ಲಿ ಅಂದರೆ, ಈ ಲೆಕ್ಕ ತಾಸನ್ನು ನಮಗೆ ಸಿಗೋ ಲಾಭ ಅಂತ ಹಿಡಿಯುತ್ತೆ. ಆದರೆ ತಾಸು ನಾವು ಕೊಡೋ ಬೆಲೆ. ನೂರು ತಾಸಿನ ಆಟಕ್ಕೆ ₹3000 ಜೊತೆಗೆ ಸೆಮಿಸ್ಟರಿನ ನೂರು ತಾಸನ್ನೂ ಕೊಡ್ತೀವಿ. ಭಾಗಾಕಾರದಲ್ಲಿ ಕೆಳಗೆ ಇಟ್ಟಿದ್ದು ನಿಜವಾಗಿ ಮೇಲೆ, ಕೂಡಿಸೋ ಜಾಗದಲ್ಲಿ ಇರಬೇಕಿತ್ತು.

ಉದ್ದ ನೋಡಿ ಬೆಲೆ ಕಟ್ಟೋದನ್ನು ನಾವು ಬೇರೆ ಯಾವುದಕ್ಕೂ ಮಾಡೋದಿಲ್ಲ. ದಿನಕರ ದೇಸಾಯಿಯವರ ಚುಟುಕ ನಾಲ್ಕೇ ಸಾಲು, ಅದಕ್ಕೆ ಯಾರೂ "ಬರೀ ನಾಲ್ಕಾ?" ಅನ್ನೋದಿಲ್ಲ. ನಮ್ಮ ಪಕ್ಕದ ಮಸ್ಕಿಯ ಬಂಡೆ ಮೇಲಿನ ಶಾಸನವೂ ಕೆಲವೇ ಸಾಲಿನದು. 1915ರಲ್ಲಿ ಅದನ್ನು ಬೆಳಕಿಗೆ ತಂದವರು ಸಿ. ಬೀಡನ್, ಚಿನ್ನದ ಗಣಿ ಎಂಜಿನಿಯರ್. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ "ದೇವಾನಾಂಪ್ರಿಯ" ಅನ್ನೋ ಬಿರುದಿತ್ತು, ಮಸ್ಕಿಯಲ್ಲಿ ಅಶೋಕ ಅನ್ನೋ ಹೆಸರೇ ಇತ್ತು. ಆ ರಾಜ ಅಶೋಕನೇ ಅನ್ನೋದನ್ನು ಖಚಿತ ಮಾಡಿದ್ದು ಆ ಒಂದು ಪದ.

ನಗಿಸೋ ಆಟ ಯಾಕೆ ಚಿಕ್ಕದಾಗಿರುತ್ತೆ?

ಇಲ್ಲಿ ಇನ್ನೊಂದು ತಾಂತ್ರಿಕ ವಿಷಯ ಇದೆ. ಶೂಟಿಂಗ್ ಆಟದಲ್ಲಿ ಒಂದೇ ಥರದ ಶತ್ರುವನ್ನು ಐನೂರು ಸಲ ಬಳಸಬಹುದು. ಐನೂರನೇ ಸಲವೂ ಮಜಾ ಇರುತ್ತೆ, ಯಾಕಂದರೆ ಅಷ್ಟರಲ್ಲಿ ನಮ್ಮ ಕೈ ಪಳಗಿರುತ್ತೆ. ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದು ಲೂಪ್. ಒಂದು ಸಲ ಬರೆದರೆ ಸಾಕು, ಎಷ್ಟು ಸಲ ಬೇಕಾದರೂ ಓಡಿಸಬಹುದು.

ಜೋಕ್ ಹಾಗಲ್ಲ. ಒಂದು ಜೋಕಿಗೆ ನಗು ಬರೋದು ಮುಂದೇನು ಅಂತ ಗೊತ್ತಿಲ್ಲದಿದ್ದಾಗ. ಅದನ್ನೇ ಲೂಪಿಗೆ ಹಾಕಿದರೆ ಎರಡನೇ ಸುತ್ತಿಗೇ ಸತ್ತು ಹೋಗುತ್ತೆ. ಹಾಗಾಗಿ ನಗಿಸೋ ಆಟದ ಪ್ರತಿ ನಿಮಿಷಕ್ಕೂ ಹೊಸದಾಗಿ ಬರೀಬೇಕು, ಹೊಸದಾಗಿ ಚಿತ್ರ ಬಿಡಿಸಬೇಕು, ಹೊಸದಾಗಿ ಧ್ವನಿ ಕೊಡಿಸಬೇಕು. ಈ ಆಟದಲ್ಲಿ ಅದೇ ಬೀದಿಗೆ ಮತ್ತೆ ಮತ್ತೆ ಬರ್ತೀವಿ, ಆದರೆ ಪ್ರತಿ ಸಲ ಅಲ್ಲಿ ಏನೋ ಬದಲಾಗಿರುತ್ತೆ. ಹಿಂದಿನ ಸಲ ಬಾರಿಸಿದವನು ಈ ಸಲ ಬೇರೆ ಅವತಾರದಲ್ಲಿ ಇರ್ತಾನೆ. ನೋಡೋಕೆ ಪುಟ್ಟ ಆಟ, ಆದರೆ ನಿಮಿಷದ ಲೆಕ್ಕದಲ್ಲಿ ನೂರು ತಾಸಿನ ಆಟಕ್ಕಿಂತ ಹೆಚ್ಚು ಕೆಲಸ ಹಿಡಿಸಿರಬಹುದು.

ಅವರ ಊರಿನ ಮಾತು

ವಿಲ್, ಜೇಮ್ಸ್ ಇಬ್ಬರೂ ಉತ್ತರ ಇಂಗ್ಲೆಂಡಿನ ಬಾರ್ನ್ಸ್ಲಿ ಕಡೆಯವರು. ಕಲ್ಲಿದ್ದಲು ಗಣಿಗಳಿಂದ ಬದುಕಿದ್ದ ಊರು ಅದು. ನಮ್ಮ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದ್ದ ಹಾಗೆ. ವ್ಯತ್ಯಾಸ ಅಂದರೆ ಹಟ್ಟಿ ಇನ್ನೂ ನಡೀತಿದೆ, ಅಲ್ಲಿಯ ಗಣಿಗಳು ಮುಚ್ಚಿದವು. ಆಟದ ಬಾರ್ನ್ಸ್‌ವರ್ತ್ ಅವರ ಊರಿನದೇ ನಕಲು. ಪಾತ್ರಗಳೆಲ್ಲ ಮಾತಾಡೋದು ಯಾರ್ಕ್‌ಶೈರ್ ಇಂಗ್ಲಿಷ್. "ನೌಟ್" ಅಂದರೆ ಏನೂ ಇಲ್ಲ, "ಸಮ್ಮಟ್" ಅಂದರೆ ಏನೋ ಒಂದು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವೇ ಸಬ್‌ಟೈಟಲ್ ಹಾಕಿಕೊಂಡು ಕಷ್ಟಪಟ್ವಿ. ಭಾಷೆ ಆಯ್ಕೆ ಮಾಡೋ ಕಡೆ "ಇಂಗ್ಲಿಷ್" ಜೊತೆಗೆ "ಡಯಲೆಕ್ಟ್" ಅಂತಾನೂ ಇದೆ. ಅಂದರೆ ತಮ್ಮ ಊರಿನ ಮಾತನ್ನು ಒಂದು ಬೇರೆ ಭಾಷೆಯ ಥರ ಪಟ್ಟಿಗೆ ಹಾಕಿದ್ದಾರೆ!

ಅದನ್ನು ನೋಡಿ ಸಾಲಗುಂದದ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಾದ. ಕಾಲೇಜಿಗೆ ಬಂದ ಮೊದಲ ವಾರ ಅವನು "ಮಾಡಾಕತ್ತೀನಿ" ಅಂದಿದ್ದಕ್ಕೆ ಕ್ಲಾಸಲ್ಲಿ ನಕ್ಕಿದ್ದರು. ನಕ್ಕವರಲ್ಲಿ ನಾವೂ ಇದ್ವಿ. ಆಮೇಲೆ ಅವನು ಕ್ಲಾಸಲ್ಲಿ ಇಂಗ್ಲಿಷ್, ಕ್ಯಾಂಟೀನಲ್ಲಿ ಪುಸ್ತಕದ ಕನ್ನಡ, ಮನೆಗೆ ಫೋನ್ ಮಾಡುವಾಗ ಮಾತ್ರ ತನ್ನ ಮಾತು ಅಂತ ಮೂರು ಮಾಡಿಕೊಂಡಿದ್ದ. ಇಲ್ಲಿಂದ ಹತ್ತಿರದ ಗಂಗಾವತಿಯ ಪ್ರಾಣೇಶ್ ಅವರು ಇದೇ ಮಾತಿನಲ್ಲಿ ಸಭೆಗಳನ್ನು ನಗಿಸುತ್ತಾರೆ. ಅವರ ಮಾತಿಗೆ ನಗೋದಕ್ಕೂ ಇವನ ಮಾತಿಗೆ ನಾವು ನಕ್ಕಿದ್ದಕ್ಕೂ ಇರೋ ವ್ಯತ್ಯಾಸ ನಮಗೆ ಅವತ್ತು ಗೊತ್ತಾಯ್ತು. ಈ ಆಟದಲ್ಲಿ ಯಾರ್ಕ್‌ಶೈರ್ ಮಾತೇ ಒಂದು ಜೋಕ್ ಅಲ್ಲ. ಆ ಮಾತು ಬಲ್ಲವರು, ಆ ಮಾತಿನಲ್ಲೇ ಜೋಕ್ ಮಾಡಿದ್ದಾರೆ. ಆ ಆಟಕ್ಕೆ 2025ರಲ್ಲಿ ಬಾಫ್ಟಾದ ಬ್ರಿಟಿಷ್ ಗೇಮ್ ಪ್ರಶಸ್ತಿ ಬಂತು.

1 ತಾಸು 48 ನಿಮಿಷ

ಇನ್ನೇನು ಆಟ ಜೋರಾಗಿ ನಡೀತಿದೆ ಅನ್ನೋವಾಗ ಕರೆಂಟ್ ಹೋಯ್ತು. ಬ್ಯಾಟರಿ ಉಳಿಸೋಕೆ ಆಟ ಮುಚ್ಚಿದ್ವಿ. ಸ್ಟೀಮ್‌ನಲ್ಲಿ ಆಡಿದ ಸಮಯ ನೋಡಿದರೆ 1 ತಾಸು 48 ನಿಮಿಷ. ಆಗ ನಮ್ಮಲ್ಲಿ ಒಬ್ಬ ಹೇಳಿದ: "ಲೇ, ಈಗ ವಾಪಸ್ ಕೊಟ್ರ ಪೂರ್ತಿ ದುಡ್ಡು ಬರ್ತೈತಿ. ಉಳಿದಿದ್ದು ಯೂಟ್ಯೂಬ್‌ನ್ಯಾಗ ನೋಡೋಣು."

ಅವನು ಹೇಳಿದ್ದು ನಿಯಮದ ಪ್ರಕಾರ ಸರಿ. ಸ್ಟೀಮ್‌ನಲ್ಲಿ 2015ರಿಂದ ಈ ಸೌಲಭ್ಯ ಇದೆ. ಕೊಂಡು 14 ದಿನದೊಳಗೆ, 2 ತಾಸಿಗಿಂತ ಕಡಿಮೆ ಆಡಿದ್ದರೆ, ಕಾರಣ ಯಾವುದೇ ಇರಲಿ, ದುಡ್ಡು ವಾಪಸ್. ನೂರು ತಾಸಿನ ಆಟಕ್ಕೆ ಎರಡು ತಾಸು ಅಂದರೆ ರುಚಿ ನೋಡಿದ ಹಾಗೆ. ಮೂರು ತಾಸಿನ ಆಟಕ್ಕೆ ಎರಡು ತಾಸು ಅಂದರೆ ಊಟ ಮುಗಿಸಿ ಎಲೆ ಮಡಿಸೋಕೆ ಹೋದ ಹಾಗೆ.

ಇದು ಬರೀ ನೀತಿಪಾಠ ಅಲ್ಲ. 2021ರಲ್ಲಿ ಎಮಿಕಾ ಗೇಮ್ಸ್ ಅನ್ನೋ ಹೆಸರಲ್ಲಿ ಆಟ ಮಾಡುತ್ತಿದ್ದವರು "ಸಮ್ಮರ್ ಆಫ್ '58" ಅಂತ ಒಂದು ಭಯದ ಆಟ ಬಿಟ್ಟರು. ಅದು ಎರಡು ತಾಸಿನೊಳಗೆ ಮುಗಿಯುತ್ತಿತ್ತು. ಒಳ್ಳೆ ಅಭಿಪ್ರಾಯ ಬಂದರೂ ಆಡಿ ಮುಗಿಸಿದ ಎಷ್ಟೋ ಜನ ದುಡ್ಡು ವಾಪಸ್ ತಗೊಂಡಿದ್ದರಿಂದ, ಮುಂದಿನ ಆಟಕ್ಕೆ ದುಡ್ಡಿಲ್ಲ, ಸದ್ಯಕ್ಕೆ ಆಟ ಮಾಡೋದು ಬಿಡ್ತೀನಿ ಅಂತ ಅವರು ಪ್ರಕಟಣೆ ಕೊಟ್ಟರು.

ಕತ್ತಲಲ್ಲಿ ಕೂತು ನಾವು ಲೆಕ್ಕ ಹಾಕಿದ್ವಿ. ₹600ರೊಳಗೆ 18% ಜಿ.ಎಸ್.ಟಿ. ಸೇರಿದೆ ಅಂತ ಹಿಡಿದರೆ ತೆರಿಗೆ ಕಳೆದು ಉಳಿಯೋದು ಸುಮಾರು ₹508. ಸ್ಟೀಮ್ ಸಾಮಾನ್ಯವಾಗಿ 30% ಇಟ್ಟುಕೊಳ್ಳುತ್ತೆ, ಅಂದರೆ ಸುಮಾರು ₹152. ಉಳಿದ ₹356ರಲ್ಲಿ ಪ್ರಕಾಶಕರ ಪಾಲು ಹೋಗಿ ಮಿಕ್ಕಿದ್ದು ಮಾಡಿದವರಿಗೆ. ವಾಪಸ್ ಕೊಟ್ಟರೆ ಆ ಮಿಕ್ಕಿದ್ದೂ ಸೊನ್ನೆ.

ಎರಡು ಎರಡು ಮತ ಬಿತ್ತು. ಮಾತು ಜೋರಾಯ್ತು, "ನೀನೇನು ದೊಡ್ಡ ಹರಿಶ್ಚಂದ್ರ" ಅನ್ನೋವರೆಗೂ ಹೋಯ್ತು. ಕೊನೆಗೆ ವಾಪಸ್ ಕೊಡೋಣ ಅಂದಿದ್ದವನು ಮೆಲ್ಲಗೆ ಹೇಳಿದ: ಆ ₹150 ಅವನ ಮೆಸ್ ಬಿಲ್ಲಿನದು. ನಾವೆಲ್ಲ ಹೂಂ ಅಂದಾಗ ಇಲ್ಲ ಅನ್ನೋಕೆ ನಾಚಿಕೆ ಆಗಿತ್ತಂತೆ.

ನಾವು ಬೆಲೆ ಅಂತ ಒಂದೇ ಸಂಖ್ಯೆ ಹಿಡಿದು ವಾದ ಮಾಡ್ತಿದ್ವಿ. ಅದೇ ₹150 ಮೂರು ಜನಕ್ಕೆ ಒಂದು ಸಿನಿಮಾ, ಒಬ್ಬನಿಗೆ ಊಟ. ಅವನ ಪಾಲನ್ನು ನಾವು ಮೂವರು ₹50ರಂತೆ ಹಂಚಿಕೊಂಡ್ವಿ. ಕರೆಂಟ್ ಬಂತು, ಆಟ ಮುಗಿಸಿದ್ವಿ. ಕೊನೆಯ ಹಾಡಿಗೆ ಎಲ್ಲರಿಗಿಂತ ಹೆಚ್ಚು ನಕ್ಕಿದ್ದು ಅವನೇ.

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ್ದು

1. ಈ ನಗು ನನ್ನ ಬಗೆಯದಾ? ಟ್ರೇಲರ್ ನೋಡಿ. ಎರಡು ನಿಮಿಷದಲ್ಲಿ ಒಂದು ಸಲವೂ ನಗು ಬರದಿದ್ದರೆ ಮೂರು ತಾಸಿನಲ್ಲೂ ಬರೋದಿಲ್ಲ. ಭಾಷೆ ಅರ್ಥ ಆಗುತ್ತಾ ಅನ್ನೋದನ್ನೂ ಅಲ್ಲೇ ನೋಡಿಕೊಳ್ಳಿ. ಕನ್ನಡ ಸಬ್‌ಟೈಟಲ್ ಇಲ್ಲ.

2. ಉದ್ದ ಎಷ್ಟು ಅಂತ ಗೊತ್ತಿದೆಯಾ? "ಹೌ ಲಾಂಗ್ ಟು ಬೀಟ್" ತಾಣದಲ್ಲಿ ಸರಾಸರಿ ಸಮಯ ಸಿಗುತ್ತೆ. ಮೊದಲೇ ಗೊತ್ತಿದ್ದು ಕೊಂಡರೆ ಆಮೇಲೆ ಮೋಸ ಆಯ್ತು ಅನ್ನಿಸೋದಿಲ್ಲ.

3. ಈಗಲೇ ಬೇಕಾ? ವಿಶ್‌ಲಿಸ್ಟಿಗೆ ಹಾಕಿದರೆ ಬೆಲೆ ಇಳಿದಾಗ ಮೇಲ್ ಬರುತ್ತೆ. ವರ್ಷದ ನಾಲ್ಕೂ ಋತುವಿಗೆ ಸ್ಟೀಮ್‌ನಲ್ಲಿ ದೊಡ್ಡ ಸೇಲ್ ಇರುತ್ತೆ. ಕಾಯೋದು ತಪ್ಪಲ್ಲ, ಸೇಲ್‌ನಲ್ಲಿ ಕೊಂಡರೂ ಮಾಡಿದವರಿಗೆ ಪಾಲು ಹೋಗುತ್ತೆ. ಪೆನ್‌ಡ್ರೈವ್‌ನಲ್ಲಿ ಓಡಾಡೋ ಕ್ರ್ಯಾಕ್‌ನಿಂದ ಏನೂ ಹೋಗೋದಿಲ್ಲ, ಜೊತೆಗೆ ವೈರಸ್ ಬರುತ್ತೆ.

4. ಯಾರ ಜೊತೆ ಆಡ್ತೀನಿ? ಒಬ್ಬನೇ ಆಡಿದರೆ ತಾಸಿಗೆ ₹200. ನಾಲ್ಕು ಜನ ಒಂದೇ ಸ್ಕ್ರೀನ್ ಮುಂದೆ ಕೂತರೆ ತಲೆಗೆ ₹50. ನಗು ಒಬ್ಬರಿಗಿಂತ ನಾಲ್ವರಲ್ಲಿ ಹೆಚ್ಚು ಬರುತ್ತೆ ಅನ್ನೋದು ಬೇರೆ.

5. ಈ ದುಡ್ಡು ಹೋದರೆ ಬೇರೆ ಏನು ತಪ್ಪುತ್ತೆ? ಮೆಸ್ ಬಿಲ್, ಪರೀಕ್ಷೆ ಫೀ, ಬಸ್ ಪಾಸ್ ಅನ್ನೋ ಉತ್ತರ ಬಂದರೆ ಕೊಳ್ಳಬೇಡಿ. ದುಡ್ಡು ಕೂಡಿಸುವಾಗ ಪಕ್ಕದವನಿಗೂ ಈ ಪ್ರಶ್ನೆ ಕೇಳಿ, ಎಲ್ಲರ ಎದುರಿಗೆ ಬೇಡ.

ವಾಪಸಿನ ಬಗ್ಗೆ ನಾವು ಮಾಡಿಕೊಂಡ ನಿಯಮ ಇಷ್ಟು: ಆಟ ಓಡದಿದ್ದರೆ, ಅಂದುಕೊಂಡಿದ್ದೇ ಬೇರೆ ಆಗಿದ್ದರೆ, ಮೊದಲ ಅರ್ಧ ತಾಸಿನಲ್ಲಿ ಹಿಡಿಸದಿದ್ದರೆ, ಸಂಕೋಚ ಇಲ್ಲದೆ ವಾಪಸ್ ಕೊಡಿ, ಆ ಸೌಲಭ್ಯ ಇರೋದೇ ಅದಕ್ಕೆ. ಸಂತೋಷಪಟ್ಟು ಮುಗಿಸಿದ್ದನ್ನು ಮಾತ್ರ ವಾಪಸ್ ಕೊಡಬೇಡಿ.

ಹಂಗಾದ್ರ ತಗೋಬೇಕಾ?

ನಾಲ್ಕು ಜನ ಕೂಡಿ, ಸೇಲ್‌ನಲ್ಲಿ ಆದರೆ, ಕಣ್ಣು ಮುಚ್ಚಿ ತಗೊಳ್ಳಿ. ಒಬ್ಬರೇ, ಪೂರ್ತಿ ಬೆಲೆಗೆ ಅಂದರೆ, ಇಂಥ ಕಾರ್ಟೂನ್ ಹುಚ್ಚಾಟ ನಿಮಗೆ ನಿಜವಾಗಿ ಇಷ್ಟ ಇದ್ದರೆ ಮಾತ್ರ. ಮೊದಲ ಸಲ ಚಿಕ್ಕ ಆಟ ಆಡೋರು ಕಡಿಮೆ ಬೆಲೆಯ "ಎ ಶಾರ್ಟ್ ಹೈಕ್"ನಿಂದ ಶುರು ಮಾಡಬಹುದು. ಅದು 2019ರದು, ಮುಖ್ಯವಾಗಿ ಆಡಮ್ ರಾಬಿನ್ಸನ್-ಯು ಅನ್ನೋ ಒಬ್ಬರೇ ಮಾಡಿದ್ದು, ಒಂದೂವರೆ ತಾಸಿಗೆ ಬೆಟ್ಟ ಹತ್ತಿ ಇಳಿದುಬಿಡಬಹುದು.

ಇನ್ನೊಂದು ಮಾತು. ಸಾಲಗುಂದದಿಂದ ಬಂದ ಮೇಲೆ ನಾವು ನಾಲ್ವರೂ ಒಂದು ಆಟ ಮಾಡೋಕೆ ಕೂತಿದ್ದೀವಿ. ಊರಿಗೆ ಬಂದ ಇಂಜಿನಿಯರಿಂಗ್ ಹುಡುಗನಿಗೆ ಎಲ್ಲರೂ ಒಂದೊಂದು ಕೆಲಸ ಹೇಳೋ ಕಥೆ. ಮಿಕ್ಸಿ ಖಂಡಿತ ಇರುತ್ತೆ. ಗೊಡೋ ಎಂಜಿನ್ ಉಚಿತ, ಅದರ 4ನೇ ಆವೃತ್ತಿಯಿಂದ ಕನ್ನಡದ ಒತ್ತಕ್ಷರಗಳೂ ಸರಿಯಾಗಿ ಮೂಡುತ್ತವೆ. ಸ್ಟೀಮ್‌ಗೆ ಹಾಕೋಕೆ ಒಂದು ಆಟಕ್ಕೆ 100 ಡಾಲರ್ ಕಟ್ಟಬೇಕು, ಅಷ್ಟು ನಮ್ಮ ಹತ್ತಿರ ಇಲ್ಲ. ಇಚ್.ಐಓ ತಾಣದಲ್ಲಿ ಹಾಕೋಕೆ ಖರ್ಚಿಲ್ಲ, ಅಲ್ಲಿಂದ ಶುರು. ಸಂಭಾಷಣೆ ಪೂರ್ತಿ ಬರೀತಿರೋದು ಸಾಲಗುಂದದವನೇ, "ಮಾಡಾಕತ್ತೀನಿ" ಅನ್ನೋದನ್ನು "ಮಾಡುತ್ತಿದ್ದೇನೆ" ಅಂತ ತಿದ್ದೋಕೆ ನಾವ್ಯಾರೂ ಹೋಗಿಲ್ಲ.

ಬಹುಶಃ ಅದು ನಲವತ್ತು ನಿಮಿಷದ ಆಟ ಆಗುತ್ತೆ. ಬೆಲೆ ಎಷ್ಟು ಇಡೋಣ ಅಂತ ಮತ್ತೆ ಜಗಳ ನಡೀತಿದೆ. ನಿಮ್ಮ ಲೆಕ್ಕ ಏನಾದರೂ ಇದ್ದರೆ ಮುಂದಿನ ಕ್ಲಬ್ ಮೀಟಿಂಗಿಗೆ ಬರ್ರಿ. ಬಂದರೆ ಒಂದು ಕೆಲಸ ಹೇಳೋದಂತೂ ಖಾತ್ರಿ.